ಪೆಂಬಾ ಫೆರಿಯಲ್ಲಿ ಕೊಂಕಣಿ

ದೋಹಾದಿಂದ ರಜೆಗೆ ಬಂದ ನಾವು ಪೂರ್ವ ಆಫ್ರಿಕಾದ ಜಂಜಿಬಾರ್ ದ್ವೀಪ ನೋಡಿ, ಅದರ ಜೋಡಿ ದ್ವೀಪ ಪೆಂಬಾಕ್ಕೆ ಫೆರಿ ಹತ್ತಿದ್ದೆವು. ನಾನೂ ಗಂಡನೂ ಕೊಂಕಣಿಯಲ್ಲಿ ಮಾತಾಡುವುದು ಕೇಳಿ, ಎದುರು ಸೀಟಿನ ವೃದ್ಧೆಯೊಬ್ಬರು ಎದ್ದು ಬಂದು ನನ್ನ ಕೈ ಹಿಡಿದರು. ಬ್ರಿಟಿಷರ ಕಾಲದಲ್ಲಿ ಅವರ ಅಪ್ಪ ಗೋವಾದಿಂದ ಬಂದು ಇಲ್ಲಿನ ಅಧಿಕಾರಿಗಳಿಗೆ ಬಟ್ಟೆ ಹೊಲಿಯುತ್ತಿದ್ದರಂತೆ. ತಮ್ಮ ಗಂಡ ತೀರಿಕೊಂಡ ಮೇಲೆ ತಮ್ಮೊಡನೆ ಕೊಂಕಣಿ ಆಡಲು ಯಾರೂ ಉಳಿದಿಲ್ಲವೆಂದರು. ಅವರದು ಗೋವಾದ ಮಾತು, ನಮ್ಮದು ಉಡುಪಿ ಕಡೆಯದು. ತಡವರಿಸುತ್ತಲೇ ನಕ್ಕೆವು.

ಆಮೇಲೆ ಅವರು ನನ್ನ ಮಗಳ ಗಲ್ಲ ಸವರಿ, “ತುಜೆಂ ನಾಂವ್ ಕಿತೆಂ?” ಎಂದು ಹೆಸರು ಕೇಳಿದರು.

“ಮಮ್ಮಾ, ವಾಟ್ ಈಸ್ ಶಿ ಸೇಯಿಂಗ್?” ಎಂದಳು ಮಗಳು.

“ದೋಹಾ ಸ್ಕೂಲಲ್ಲಿ ಎಲ್ಲಾ ಇಂಗ್ಲಿಷೇ, ಆಂಟಿ,” ಎಂದೆ ನಾನು.

ಅವರು ತಲೆಯಾಡಿಸಿ, ಮಗಳ ಹೆಸರನ್ನು ಇಂಗ್ಲಿಷಿನಲ್ಲಿ ಕೇಳಿದರು. ಪೆಂಬಾ ಮುಟ್ಟುವವರೆಗೂ ನನ್ನೊಡನೆಯೂ ಇಂಗ್ಲಿಷಿನಲ್ಲೇ ಮಾತಾಡಿದರು.