ಮಾಳಪ್ಪ ಮತ್ತು ಹದಿನೆಂಟು ಮೀನು

ಮಾಳಪ್ಪ ಮೀನುಗಳನ್ನು ಬೆರಳು ಮಾಡಿ ಎಣಿಸುತ್ತಿರಲಿಲ್ಲ. ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಮ್ಮೆ ಕಣ್ಣಾಡಿಸಿದರೆ ಮುಗಿಯಿತು. “ಹದ್ನಾಕೂ ಅದಾವ್ರಿ. ಒಂದರ ಹೊಟ್ಟಿ ಬಿಗದೈತಿ, ಇವತ್ತ ಕಾಳ ಹಾಕಬ್ಯಾಡ್ರಿ” ಎನ್ನುತ್ತಿದ್ದ. ನಾನು ಗಾಜಿಗೆ ಮೂಗು ಹಚ್ಚಿ ಎಣಿಸಿದರೆ ಒಮ್ಮೆ ಹನ್ನೆರಡು, ಒಮ್ಮೆ ಹದಿನೇಳು. ಆ ಪಟ್ಟೆಪಟ್ಟೆ ಜೀಬ್ರಾ ಮೀನುಗಳು ನಿಂತಲ್ಲಿ ನಿಲ್ಲುವ ಜಾತಿಯವಲ್ಲ.

ಅವನು ಬೋರಾಮಣಿ ಎಂಬ ಹಳ್ಳಿಯ ಕುರುಬರವನು. ಅಣ್ಣತಮ್ಮಂದಿರು ಹಿಂಡು ಹಂಚಿಕೊಂಡ ಮೇಲೆ ಸೊಲ್ಲಾಪುರಕ್ಕೆ ಬಂದು, ನವಿ ಪೇಠದ ನಮ್ಮ ಬಟ್ಟೆ ಅಂಗಡಿಯಲ್ಲಿ ಗಂಟು ಹೊರುತ್ತಿದ್ದ. ಅಂಗಡಿಯ ಮೇಲೆಯೇ ನಮ್ಮ ಮನೆ. ಮದುವೆಯಾದ ಹೊಸತರಲ್ಲಿ ನಾನು ಶೋಕಿಗೆಂದು ತೊಟ್ಟಿ ತಂದು ಎರಡೇ ಎರಡು ಮೀನು ಬಿಟ್ಟಿದ್ದೆ. ಒಂದು ಇನ್ನೊಂದನ್ನು ಅಟ್ಟಾಡಿಸಿ ಮೂಲೆಗೆ ತಳ್ಳುತ್ತಿತ್ತು. ಗಂಟು ಇಳಿಸಲು ಮೇಲೆ ಬಂದ ಮಾಳಪ್ಪ ನೋಡಿ ನಕ್ಕ. “ಎರಡ ತಂದ್ರ ಜಗಳಾನ ಆಡತಾವ್ರಿ ಮಾಲಕ. ಇವು ಗುಂಪಿನ್ಯಾಗ ಇರೂ ಜಾತಿ. ಹಿಂಡ ಮಾಡ್ರಿ, ಹೆಂಗ ಓಡತಾವ ನೋಡ್ರಿ.” ಹಿಂಡು ಮಾಡಿದೆ. ಓಡಿದವು. ಅಂದಿನಿಂದ ತೊಟ್ಟಿ ಹೆಸರಿಗೆ ನನ್ನದು, ಆರೈಕೆಯೆಲ್ಲ ಅವನದು.

ನಮ್ಮ ಓಣಿಗೆ ನಳದ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಮಾಳಪ್ಪ ಒಂದು ಡ್ರಮ್ಮು ಮೀನಿಗೆಂದೇ ತುಂಬಿಸಿ, ಎರಡು ದಿನ ಬಾಯಿ ತೆರೆದಿಡುತ್ತಿದ್ದ. “ನಳದ ನೀರಿಗೆ ಹಾಕೂ ಔಷಧದ ಘಾಟ ಹೋಗಲಿ. ಹಸಿ ನೀರ ಹಾಕಿದ್ರ ಸಾಯತಾವ.” ಹೊಸ ಮೀನು ಬಂದಾಗ ಇನ್ನೊಂದು ಶಾಸ್ತ್ರವಿತ್ತು. ಸೊಂಟದ ಚೀಲದಿಂದ ತಮ್ಮ ಕುಲದೇವರು ಬೀರೋಬಾನ ಭಂಡಾರ, ಅಂದರೆ ಅರಿಶಿನದ ಪುಡಿ, ತೆಗೆದು ಗಾಜಿಗೆ ಒಂದು ಬೊಟ್ಟು ಹಚ್ಚಿ, ನೀರಿಗೆ ಎರಡು ಕಾಳಿನಷ್ಟು ಉದುರಿಸುತ್ತಿದ್ದ. ಕುರಿಮರಿ ಹುಟ್ಟಿದಾಗ ಅವರು ಮಾಡುವುದೂ ಅದೇ. ನಾನು ಗೇಲಿ ಮಾಡಿದರೆ, “ಕಾಯಾಂವ ಆಂವ ಅದಾನ್ರಿ, ನಾ ಬರೇ ನೋಡಾಂವ” ಎನ್ನುತ್ತಿದ್ದ. ಎರಡು ವರ್ಷ ಆ ಭಂಡಾರದಿಂದ ಒಂದು ಮೀನಿನ ರೆಕ್ಕೆಯೂ ಮುಕ್ಕಾಗಲಿಲ್ಲ.

ತಂಗಿಯನ್ನು ನೋಡಲು ಅಕ್ಕಲಕೋಟದಿಂದ ಬೀಗರು ಬರುವ ವಾರ ನಾನು ಇನ್ನೂ ನಾಲ್ಕು ಮೀನು ತಂದೆ. ಮಾಳಪ್ಪ ಭಂಡಾರ ಹಾಕಿ, ಒಮ್ಮೆ ನೋಡಿ, “ಹದ್ನೆಂಟೂ ಚೊಲೋ ಅದಾವ. ನಾ ಬರೂತನಾ ಮುಟ್ಟಬ್ಯಾಡ್ರಿ” ಎಂದು ಹೇಳಿ ಎರಡು ದಿನ ದೇವರ ಕಾರ್ಯಕ್ಕೆ ಊರಿಗೆ ಹೋದ. ಮುಟ್ಟದಿದ್ದರೆ ನಾನೇಕೆ ನಾನು? ಬಂದವರಿಗೆಲ್ಲ ತೋರಿಸುವ ಹುಚ್ಚಿಗೆ ಕಾಳು ಸುರಿದು ಸುರಿದು ನೀರು ಹಾಲಿನಂತಾಯಿತು. ಡ್ರಮ್ಮಿನ ನೀರನ್ನು ಹೆಂಗಸರು ಅಡುಗೆಗೆ ಖಾಲಿ ಮಾಡಿದ್ದರು. ಬೀಗರು ಬರಲು ಒಂದು ತಾಸಿತ್ತು, ಅಷ್ಟರಲ್ಲಿ ನಳ ಬಂತು. ಘಾಟು ಮೂಗಿಗೆ ಹೊಡೆಯುತ್ತಿದ್ದ ಆ ಹಸಿ ನೀರನ್ನೇ, ಹಳೆಯದನ್ನು ಚೆಲ್ಲಿ, ತೊಟ್ಟಿಗೆ ತುಂಬಿಸಿದೆ. ಕನ್ನಡಿಯಂತೆ ಹೊಳೆಯಿತು. ಬೀಗರು ಹೊಗಳಿದರು. ಮರುದಿನ ಬೆಳಿಗ್ಗೆ ಹದಿನೆಂಟೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಅಪ್ಪನ ಕಣ್ಣಿಗೆ ಮೊದಲು ಬಿದ್ದದ್ದು ಗಾಜಿನ ಮೇಲಿನ ಹಳದಿ ಬೊಟ್ಟು. ಮಾಳಪ್ಪ ಬಂದ ಕೂಡಲೇ ಶುರುವಾಯಿತು. “ಶುಭಕಾರ್ಯ ನಡದಾಗ ಮನ್ಯಾಗ ಹೆಣಾ ಕೆಡವಿದೆಲ್ಲೋ! ಭಂಡಾರ ಹಾಕಿ ಕೊಂದಿ!” ಅವನು ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. “ನೀರ ಬದಲಿ ಮಾಡಿದ್ರೇನ್ರಿ ಮಾಲಕ?”

“ಇಲ್ಲ” ಎಂದೆ.

ಹೌದು ಎಂದಿದ್ದರೆ ಏನಾಗುತ್ತಿತ್ತು? ಅಪ್ಪನ ನಾಲ್ಕು ಬೈಗುಳ. ಅಷ್ಟಕ್ಕೆ ಹೆದರಿದೆ. ಮಾಳಪ್ಪ ನನ್ನ ಮಾತು ನಂಬಿದ. ನನ್ನನ್ನು ಅವನು ಯಾವತ್ತೂ ನಂಬುತ್ತಿದ್ದ. ತನ್ನ ಕೈಯನ್ನೊಮ್ಮೆ ನೋಡಿಕೊಂಡು ಮೆಟ್ಟಿಲಿಳಿದು ಹೋದ. ಮರುದಿನದಿಂದ ಅಪ್ಪ ಅಂಗಡಿಗೆ ಬೇರೆ ಆಳು ಇಟ್ಟರು.

ಐದಾರು ವರ್ಷಗಳ ನಂತರ, ತಂಗಿಯ ಮನೆಯಿಂದ ಮರಳುವಾಗ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಚೀಲವಿಲ್ಲ. ಬೇರೆಯವರ ಕುರಿ ಕಾಯುತ್ತಿದ್ದನಂತೆ. “ಮರಿ ಹುಟ್ಟಿದ್ರ ಭಂಡಾರ ನಾ ಹಚ್ಚೂದಿಲ್ರಿ, ಸೊಸಿ ಕೈಲೆ ಹಚ್ಚಸ್ತೀನಿ. ನನ್ನ ಕೈ ಚೊಲೋ ಅಲ್ಲ” ಎಂದ.

ನಿಜ ಗಂಟಲಿಗೆ ಬಂತು. ಹೊರಗೆ ಬಂದದ್ದು ಮಾತ್ರ ಇನ್ನೊಂದು ಸುಳ್ಳು. “ಅದು ನಿನ್ನಿಂದ ಅಲ್ಲೋ ಮಾಳಪ್ಪಾ. ಮೀನಿಗೆ ಏನೋ ರೋಗ ಇತ್ತು.”

“ಇಲ್ರಿ. ಹೋಗೂ ಮುಂದ ನೋಡಿದ್ನೆಲ್ಲ, ಹದ್ನೆಂಟಕ್ಕೂ ರೋಗ ಇದ್ದಿಲ್ಲ. ನೀವೂ ನೀರ ಮುಟ್ಟಿಲ್ಲ. ಮತ್ತ ಉಳದಾಂವ ನಾನಽ ಅಲ್ರಿ?” ನನ್ನ ಬಸ್ಸು ಬಂದು ನಿಂತಿತು. ಅವನು ಎರಡೂ ಕೈ ಜೋಡಿಸಿದ. “ಆವತ್ತ ನಿಮಗ ಮಾಫಿ ಕೇಳಲಾರದ ಹೋದ್ನಿ. ತಪ್ಪಾಗೇತ್ರಿ ಮಾಲಕ, ಹೊಟ್ಟ್ಯಾಗ ಹಾಕ್ಕೋರಿ.”

ಅವನ ಮುಖ ನೋಡಲಾಗಲಿಲ್ಲ. ಬಸ್ಸಿನ ಬೋರ್ಡು ನೋಡುತ್ತ, “ಆತು ಬಿಡು, ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲ” ಎಂದು ಅವನನ್ನು ಕ್ಷಮಿಸಿಬಿಟ್ಟೆ.