ಡಾಕ್‌ಟೈಪ್ ಹರಿದ ಸೀರೆ

ಕಿರ್ರೆಂದು ಚೀರುತ್ತಿದ್ದ ಮೋಡೆಮ್ ಸುಮ್ಮನಾಯಿತು. ಪರದೆಯ ಮೇಲೆ ಮೊಳಕಾಲ್ಮೂರು ಸೀರೆ ಇಳಿಯಿತು, ಮೈತುಂಬ ಬಿಳಿ ಬಿರುಕು!

ಚಳ್ಳಕೆರೆಯ ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸರೋಜ ತನ್ನ ಅವ್ವ ನೇಯ್ದ ಸೀರೆಗಾಗಿ ಮಾಡಿದ ವೆಬ್ ಪೇಜ್ ಅದು. ಲೈನ್ ಸ್ಲೋ ಎಂದು ಫೋಟೊವನ್ನು ತುಂಡು ಮಾಡಿ, ಹಳೇ ಪದ್ಧತಿಯಂತೆ ಪೇಜಿನೊಳಗಿನ ಟೇಬಲ್‌ನ ಚೌಕಗಳಲ್ಲಿ ಜೋಡಿಸಿದ್ದಳು.

“ನಿನ್ನೆ ನೆಟ್ಟಗಿತ್ರಿ ಸಾರ್,” ಎಂದಳು.

“ಅವ್ವನ ಸೀರೇನೇ ಹರಿದಿಟ್ಟೆಯಲ್ಲಮ್ಮ! ಮಗ್ಗ ಐತಲ್ಲ, ಹೋಗು,” ಎಂದು ಮೇಷ್ಟ್ರು ಸೀರೆ ಕೊಳ್ಳಲು ಬಂದಿದ್ದ ವ್ಯಾಪಾರಿಯೆದುರೇ ನಕ್ಕರು. ಅವಳು ಸರಕ್ಕನೆ ಎದ್ದು ಹೋದಳು.

ಕಾನ್ವೆಂಟ್ ಮ್ಯಾನರ್ಸ್ ಮರೆತು “ಶಟಪ್!” ಎಂದೆ. ಬೆಳಿಗ್ಗೆ ಪೇಜಿನ ತಲೆಯಲ್ಲಿ, ಯಾವ ರೂಲ್ಸಿನಂತೆ ಓದಬೇಕೆಂದು ಬ್ರೌಸರ್‌ಗೆ ಹೇಳುವ ಸ್ಟ್ರಿಕ್ಟ್ ಡಾಕ್‌ಟೈಪ್ ಸಾಲು ಸೇರಿಸಿದ್ದು ಮೇಷ್ಟ್ರೇ, ನಾನೇ ನೋಡಿದ್ದೆ. ಆ ಸಾಲಿಲ್ಲದಿದ್ದರೆ ಬ್ರೌಸರ್ ಹಳೆಯದನ್ನು ಸಹಿಸಿಕೊಳ್ಳುತ್ತದೆ. ಇದ್ದರೆ ಹೊಸ ರೂಲ್ಸ್ ಹಿಡಿದು ಕೂರುತ್ತದೆ, ತುಂಡುಗಳ ನಡುವೆ ಬಿಳಿ ಸಂದು ಬಿಡುತ್ತದೆ. ಸಾಲು ಅಳಿಸಿದೆ. ಸೀರೆ ಕೂಡಿಕೊಂಡಿತು. ವ್ಯಾಪಾರಿ ಅವಳನ್ನು ಕರೆಸಿ ಎಂದರು. ಮೇಷ್ಟ್ರಿಂದ ಒಂದು ಅಪಾಲಜಿ ಇಲ್ಲ!

ಆ ಸಿಟ್ಟು ಇಂದಿಗೂ ಆರಿಲ್ಲ. ನಾನು ಏದುಸಿರು ಬಿಡುತ್ತ ಬಸ್ ಸ್ಟ್ಯಾಂಡಿಗೆ ಹೋದಾಗ ಮೊಳಕಾಲ್ಮೂರು ಬಸ್ ಹೊರಟಿತ್ತು. ಸೀರೆಯ ಗಂಟನ್ನು ಎದೆಗವಚಿ ಕಿಟಕಿಯ ಬಳಿ ಕೂತಿದ್ದ ಸರೋಜಳನ್ನು ನಾನು ಕಂಡದ್ದು ಅದೇ ಕೊನೆ.