ಒತ್ತಾಯದ ಹೋಳಿಗೆ

ಧಾರವಾಡದ ನಮ್ಮ ಮನೆಗಳಲ್ಲಿ ತಿನ್ನಲು ಏನೇ ಕೊಟ್ಟರೂ ಮೊದಲು ಒಲ್ಲೆ ಅನ್ನಬೇಕು. ಕೊಡುವವರು ಒತ್ತಾಯ ಮಾಡಬೇಕು, ಆಮೇಲಷ್ಟೇ ತಿನ್ನುವುದು. ಎಂ.ಎಸ್ಸಿ. ಓದಲು ಲಂಡನ್ನಿಗೆ ಬಂದ ಹೊಸದರಲ್ಲಿ ಸಹಪಾಠಿಯೊಬ್ಬಳು ತಾನೇ ಮಾಡಿದ ಕೇಕಿನ ಡಬ್ಬಿಯನ್ನು ನನ್ನ ಮುಂದೆ ಹಿಡಿದಳು. ಬೇಡ ಅಂದೆ. ಸರಿ ಅಂತ ಪಕ್ಕದವರ ಹತ್ತಿರ ಹೋಗಿಬಿಟ್ಟಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವಳ ಮೇಲೆ ಸಿಟ್ಟೇ ಬಂತು. ಕಾಫಿಗೆ ಕರೆದಾಗಲೂ, ಸಿನಿಮಾಕ್ಕೆ ಕರೆದಾಗಲೂ ಹಾಗೇ ಆಯಿತು. ಇನ್ನೊಂದು ಸಲ ಯಾರೂ ಕರೆಯಲಿಲ್ಲ. ಯಾರ ಜೊತೆಗೂ ಮಾತಿಲ್ಲದೆ ಲೈಬ್ರರಿ, ರೂಮು ಅಂತ ಓಡಾಡಿ ಸಾಕಾಗಿ, ಕೇಳಿದ ಕೂಡಲೇ ಹೂಂ ಅನ್ನುವುದನ್ನು ಕಲಿತೆ.

ಚಳಿಗಾಲದಲ್ಲಿ ಒಂದು ಭಾನುವಾರ, ನಮ್ಮಮ್ಮನ ಹಳೆಯ ಗೆಳತಿಯೊಬ್ಬರು ಲಂಡನ್ನಿನಲ್ಲೇ ಇರುವ ಕೆಂಟನ್ನಿನ ತಮ್ಮ ಮನೆಗೆ ಊಟಕ್ಕೆ ಕರೆದರು. ಅವರನ್ನು ನಾನು ಕಾಕು, ಅಂದರೆ ಚಿಕ್ಕಮ್ಮ ಅಂತಲೇ ಕರೆಯುವುದು. ಕಾಕು ಹೋಳಿಗೆ ಮಾಡಿದ್ದರು. ಇಲ್ಲೇ ಹುಟ್ಟಿ ಬೆಳೆದ ಅವರ ಮಕ್ಕಳು ‘ನೋ ಥ್ಯಾಂಕ್ಸ್’ ಅಂದು ಎದ್ದು ಮಹಡಿಗೆ ಹೋದರು. ಎರಡನೇ ಹೋಳಿಗೆ ತಂದು ನನ್ನನ್ನು ಕೇಳಿದಾಗ, ಹೂಂ ಅಂತ ತಟ್ಟನೆ ತಾಟು ಮುಂದೆ ಹಿಡಿದೆ. ಕಾಕುವಿನ ಕೈ ಅಲ್ಲೇ ನಿಂತಿತು.

"ಒಂದ್ ಸಲನರ ಒಲ್ಲೆ ಅನ್ನವಾ," ಅಂದರು. "ಒತ್ತಾಯ ಮಾಡ್ಲಿಕ್ಕೆ ನನಗರ ಇಲ್ಲೆ ಯಾರಿದ್ದಾರ?"